ನೆಲಕ್ಕೆ ಹಾಸಿದ ತಂತಿ

ಇವತ್ತು ಸಂಜೆ ಗೌರಿಬಿದನೂರಿನಲ್ಲಿ ಒಳ್ಳೆ ಮಳೆ. ಹಿತ್ತಲಲ್ಲಿ ನೆಲದ ಮೇಲೆ ಎಳೆದಿರುವ ಆಂಟೆನಾ ತಂತಿ ಕೆಸರಲ್ಲಿ ಮುಳುಗಿತ್ತು. ರಾತ್ರಿ ರೇಡಿಯೋ ಹಾಕಿದೆ. 160 ಮೀಟರ್ ಬ್ಯಾಂಡಿನಲ್ಲಿ, ಅಂದರೆ ಸುಮಾರು ಅಷ್ಟು ಉದ್ದದ ರೇಡಿಯೋ ಅಲೆಗಳಲ್ಲಿ, ನಿನ್ನೆ ಚೆನ್ನಾಗಿ ಕೇಳಿದ್ದ ಸ್ಟೇಷನ್ ಸಣ್ಣಗಾಗಿತ್ತು. ಗದ್ದಲವೂ ಅಷ್ಟೇ ಇಳಿದಿತ್ತು. ಒದ್ದೆ ಮಣ್ಣಿನ ಕೆಲಸವೇ ಇರಬೇಕು.

ಹಾಗಾದರೆ ಕೆನಡಾ, ಫಿನ್ಲೆಂಡ್ ಕಡೆಯ ಹ್ಯಾಮ್‌ಗಳ (ಹವ್ಯಾಸಿ ರೇಡಿಯೋದವರ) ಗತಿ? ಅವರ ತಂತಿ ತಿಂಗಳುಗಟ್ಟಲೆ ಹಿಮದಡಿ ಇರುತ್ತದೆ ಅಲ್ವಾ!

ಆದರೆ ಹೊಸದಾಗಿ ಬಿದ್ದ ಒಣ ಹಿಮದಲ್ಲಿ ಜಾಸ್ತಿ ಇರುವುದು ಗಾಳಿಯೇ, ಹಿಂಜಿದ ಹತ್ತಿಯ ಹಾಗೆ. ರೇಡಿಯೋ ಅಲೆ ಅದನ್ನು ಸುಲಭವಾಗಿ ದಾಟಿ ಬರುತ್ತದೆ. ಕೆಳಗಿನ ನೆಲ ಹೆಪ್ಪುಗಟ್ಟಿದ್ದರೆ ಇನ್ನೂ ಒಳ್ಳೆಯದು, ಅಂಥ ಮಣ್ಣು ಕರೆಂಟ್ ಹರಿಸುವುದು ಕಡಿಮೆ. ತೊಂದರೆ ಶುರುವಾಗುವುದು ಹಿಮ ಕರಗುವಾಗ. ಈ ಬ್ಯಾಂಡಿನಲ್ಲಿ ಮಂಜುಗಡ್ಡೆಯ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ಒಂದು ವಸ್ತು ರೇಡಿಯೋ ಅಲೆಯನ್ನು ಎಷ್ಟು ನಿಧಾನ ಮಾಡುತ್ತದೆ ಅಂತ ತಿಳಿಸುವ ಅಂಕಿ, 3ರ ಆಸುಪಾಸು. ನೀರಿನದು ಸುಮಾರು 80! ಒದ್ದೆ ಹಿಮ ತಂತಿಗೆ ಅಂಟಿಕೊಂಡರೆ ಅದರಲ್ಲಿ ಸಿಗ್ನಲ್ ಓಡುವ ವೇಗ ತಗ್ಗುತ್ತದೆ. ಅಳತೆ ಅಷ್ಟೇ ಇದ್ದರೂ ತಂತಿ ಉದ್ದವಾದಂತೆ ವರ್ತಿಸುತ್ತದೆ. ಒಂದು ದಿಕ್ಕಿನಿಂದ ಮಾತ್ರ ಚೆನ್ನಾಗಿ ಕೇಳುವ ಗುಣವೂ ಕೆಡಬಹುದು. ನನಗೆ ಇದೇ ತುಂಬಾ ಇಷ್ಟವಾದ ವಿಷಯ. ತಂತಿ ಎಲ್ಲಿ ಮುಗಿಯುತ್ತದೆ, ನೆಲ ಎಲ್ಲಿ ಶುರುವಾಗುತ್ತದೆ ಅಂತ ಗೆರೆ ಎಳೆಯೋಕೆ ಆಗಲ್ಲ. ಮಣ್ಣೂ ಆಂಟೆನಾದ ಭಾಗವೇ.

ನಮ್ಮೂರಿನ ರೇಡಿಯೋ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟಿದ್ದು ಇದೇ ಬಯಲು ಸೀಮೆಯ ನೆಲದಲ್ಲಿ. ಇಲ್ಲಿ ಹಿಮದ ಮಾತೇ ಇಲ್ಲ ಬಿಡಿ.

ಚಳಿ ದೇಶದಲ್ಲಿರುವ ಗೆಳೆಯರೇ, ಒಣ ಹಿಮದಲ್ಲಿ ಹೇಗೆ ಕೇಳುತ್ತದೆ, ಕರಗುವಾಗ ಹೇಗೆ, ಎರಡು ಸಾಲು ಬರೆಯಿರಿ.