ಮುಖದ ವಿಸ್ತೀರ್ಣ, ಖರಾಬು ಬಿಟ್ಟು

ಭೂಮಿ ಅಳೆಯುವವನಿಗೂ ನೆರಳಿಗೂ ಆಗಿಬರುವುದಿಲ್ಲ. ಹೊಲದಲ್ಲಿ ಬೆಳೆ ನಿಂತಿದ್ದಾಗ ಅಳತೆಗೆ ಯಾರೂ ಕರೆಯುವುದಿಲ್ಲ. ಜೋಳ, ಕಡಲೆ ಮನೆ ಸೇರಿ ಎರೆಹೊಲ ಬಾಯಿಬಿಟ್ಟ ಮೇಲೆ ನಮ್ಮ ಸುಗ್ಗಿ ಶುರು. ಗಡಿ ಗುರುತಿಸುವ ಹದ್ದುಬಸ್ತು, ಜಮೀನು ಬೇರ್ಪಡಿಸುವ ಪೋಡಿ, ಅಣ್ಣತಮ್ಮಂದಿರ ಪಾಲು ಎಲ್ಲವೂ ಮಾರ್ಚಿನಿಂದ ಮುಂಗಾರು ಬೀಳುವವರೆಗೆ. ನಾನು ಲಿಂಗಸುಗೂರು, ಸಿಂಧನೂರು ಕಡೆ ಪರವಾನಗಿ ಭೂಮಾಪಕ. ಚೈನು ಎಳೆಯುತ್ತಿದ್ದ ಕಾಲದಲ್ಲಿ ಟಿಪ್ಪಣಿ ನೋಡುವ ನೆಪಕ್ಕಾದರೂ ಬೇವಿನ ಗಿಡದ ಬುಡಕ್ಕೆ ಕೂರುತ್ತಿದ್ದೆವು. ಈಗ ಉಪಗ್ರಹದ ಸಿಗ್ನಲ್ ಹಿಡಿದು ಅಳೆಯುವ ರೋವರ್ ಬಂದಿದೆ. ಅದಕ್ಕೆ ಬಯಲು ಆಕಾಶವೇ ಬೇಕು, ಗಿಡದ ಕೆಳಗೆ ನಿಂತರೆ ಸಿಗ್ನಲ್ ಕೈಕೊಡುತ್ತದೆ. ನಡುವೆ ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಇದ್ದಾಗ ಯಂತ್ರಕ್ಕೆ ಬಿಸಿಲು ತಾಗದಿರಲೆಂದು ಕೊಡೆ ಹಿಡಿಯುತ್ತಿದ್ದೆವು. ಅಳೆಯುವವನಿಗೆ ಯಾರಾದರೂ ಕೊಡೆ ಹಿಡಿದದ್ದು ನೆನಪಿಲ್ಲ.

ನಲವತ್ತು ದಾಟಿದ ಮೇಲೆ ಎರಡೂ ಕೆನ್ನೆಯ ಮೇಲೆ ಬಂಗು ಕಾಣಿಸಿಕೊಂಡಿತು. ಮೊದಮೊದಲು ಧೂಳು ಅಂದುಕೊಂಡು ಉಜ್ಜಿದೆ. ಹೋಗಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಒಂದು ಸಣ್ಣ ಟ್ಯೂಬ್ ಕೊಟ್ಟರು. ಚೀಟಿ ಕೇಳಲಿಲ್ಲ, ನಾನೂ ಏನಿದೆ ಅಂತ ಓದಲಿಲ್ಲ. ಹದಿನೈದು ದಿನದಲ್ಲಿ ಮುಖ ತಿಳಿಯಾಯಿತು. ಬೀಗರ ಮನೆಯಲ್ಲಿ "ಏನ್ರೀ, ಕಳೆ ಬಂದದಲ್ಲ" ಅಂದದ್ದಕ್ಕೆ ಉಬ್ಬಿ ಮತ್ತೆರಡು ಟ್ಯೂಬ್ ತಂದೆ. ನಾಲ್ಕು ತಿಂಗಳಿಗೆ ಬಿಟ್ಟೆ ನೋಡಿ, ಮುಖವೆಲ್ಲ ಕೆಂಪಾಗಿ, ಬಿಸಿಲಿಗೆ ಹೋದರೆ ಮೆಣಸಿನಪುಡಿ ಎರಚಿದ ಹಾಗೆ ಉರಿ, ಬಂಗು ಮೊದಲಿಗಿಂತ ಕಪ್ಪು.

ರಾಯಚೂರಿನ ಚರ್ಮದ ಡಾಕ್ಟರು ಖಾಲಿ ಟ್ಯೂಬನ್ನು ತಿರುಗಿಸಿ ನನ್ನಿಂದಲೇ ಓದಿಸಿದರು. ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್. ಮೂರೂ ಔಷಧಿಗಳೇ, ಡಾಕ್ಟರು ಹೇಳಿದಷ್ಟು ದಿನ, ಹೇಳಿದ ಹಾಗೆ ಹಚ್ಚಬೇಕಾದವು. ಸ್ನೋ ಪೌಡರಿನಂತೆ ತಿಂಗಳುಗಟ್ಟಲೆ ಬಳಿದುಕೊಂಡರೆ ಸ್ಟೀರಾಯ್ಡ್ ಚರ್ಮವನ್ನೇ ತೆಳ್ಳಗೆ ಮಾಡಿಬಿಡುತ್ತದೆ. ಆಮೇಲೆ ಅವರು ಕೊಟ್ಟ ಔಷಧಿಗಿಂತ ಹೆಚ್ಚು ಒತ್ತಿ ಹೇಳಿದ್ದು ಸನ್‌ಸ್ಕ್ರೀನ್ ಬಗ್ಗೆ. "ನಮ್ಮ ಕರಿ ಚರ್ಮಕ್ಕೆ ಅದೆಲ್ಲ ಯಾಕ್ರೀ ಮೇಡಂ?" ಅಂದೆ. ಕಪ್ಪು ಚರ್ಮ ಬಿಳಿಯರ ಹಾಗೆ ಬೇಗ ಸುಡುವುದಿಲ್ಲ, ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರೂ ನಮ್ಮಲ್ಲಿ ಕಡಿಮೆ, ಆದರೆ ಬಣ್ಣ ಕಟ್ಟಿಕೊಳ್ಳುವುದರಲ್ಲಿ ನಮ್ಮ ಚರ್ಮವೇ ಮುಂದೆ, ಬಿಸಿಲು ತಡೆಯದೆ ಬಂಗಿಗೆ ಔಷಧಿ ಹಚ್ಚುವುದು ಸೋರುವ ಕೊಡಕ್ಕೆ ನೀರು ಹೊಯ್ದಂತೆ ಅಂದರು.

ಮಗಳು ಬಿ.ಫಾರ್ಮ್ ಓದುತ್ತಿದ್ದಾಳೆ. ಸನ್‌ಸ್ಕ್ರೀನ್ ಟ್ಯೂಬ್ ತಂದ ದಿನ ಬಟಾಣಿ ಕಾಳಿನಷ್ಟು ತೆಗೆದು ಮುಖಕ್ಕೆಲ್ಲ ಎಳೆಯುತ್ತಿದ್ದವನನ್ನು ನೋಡಿ ನಕ್ಕಳು. "ಅಪ್ಪಾ, ಎಸ್‌ಪಿಎಫ್, ಅಂದ್ರ ಬಿಸಿಲು ತಡಿಯೋ ಶಕ್ತಿಯ ಅಂಕಿ, ಅಳಿಯೋವಾಗ ಒಂದು ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಹಚ್ಚತಾರ. ನೀ ಹಚ್ಚಿದ್ದು ಅದರಾಗ ಕಾಲು ಭಾಗನೂ ಇಲ್ಲ." ಅಳತೆ ಅಂದಮೇಲೆ ನಾನು ಸುಮ್ಮನಿರಲಾರೆ. ಟೇಪ್ ತೆಗೆದೆ. ಮುಖದ ಅಗಲ ಇಪ್ಪತ್ತು, ಉದ್ದ ಇಪ್ಪತ್ತೈದು ಸೆಂಟಿಮೀಟರ್ ಹಿಡಿದರೆ 500 ಚದರ ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ ಗುಂಟೆಯ ಹದಿನಾರನೇ ಪಾಲಾದ ಆಣೆಯ ನೂರರಲ್ಲೊಂದು ಪಾಲೂ ಅಲ್ಲ. ಮೀಸೆ 'ಎ' ಖರಾಬು, ಅಂದರೆ ಬೆಳೆಗೆ ಬಾರದ ಜಾಗ, ಕಳೆಯಿರಿ. ಅಲ್ಲಿಗೆ ಮುಖಕ್ಕೆ ಹತ್ತಿರ ಹತ್ತಿರ ಒಂದು ಗ್ರಾಂ. ಕಿವಿ, ಕುತ್ತಿಗೆ ಹಿಂದೆ ಮುಂದೆ ಸೇರಿಸಿದರೆ ಇನ್ನೊಂದು. ಗ್ರಾಂ ತೂಗುವ ತಕ್ಕಡಿ ಯಾರ ಮನೆಯಲ್ಲಿದೆ? ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಗೆರೆ ಎಳೆದರೆ ಮುಖ ಕುತ್ತಿಗೆಗೆ ಹೆಚ್ಚುಕಡಿಮೆ ಸರಿಹೋಗುತ್ತದೆ ಅಂತ ಮಗಳೇ ತೋರಿಸಿದಳು.

ಈಗ ಮುಂದಿನ ಲೆಕ್ಕ. ಐವತ್ತು ಗ್ರಾಂ ಟ್ಯೂಬ್, ಒಂದು ಸಲಕ್ಕೆ ಎರಡು ಗ್ರಾಂ, ಇಪ್ಪತ್ತೈದು ಸಲ. ಬಿಸಿಲಲ್ಲಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಬೆಳಿಗ್ಗೆ ಎಂಟರಿಂದ ನಾಲ್ಕರವರೆಗೆ ಹೊಲದಲ್ಲಿದ್ದರೆ ದಿನಕ್ಕೆ ನಾಲ್ಕು ಸಲ, ಅಂದರೆ ಟ್ಯೂಬ್ ವಾರಕ್ಕೆ ಸಾಲದು. ನಾನು ಕೊಟ್ಟದ್ದು ನಾನೂರ ಐವತ್ತು ರೂಪಾಯಿ. ತಿಂಗಳಿಗೆ ಎರಡು ಸಾವಿರದ ಮೇಲೆ ಬರೀ ಮುಖ ಕುತ್ತಿಗೆಗೆ! ಜಾಹೀರಾತಿನಲ್ಲಿ ಹುಡುಗಿ ಬೆರಳ ತುದಿಯಲ್ಲಿ ಒಂದು ಚುಕ್ಕೆ ಇಟ್ಟುಕೊಂಡು ನಗುತ್ತಾಳಲ್ಲ, ಅವಳ ಟ್ಯೂಬ್ ವರ್ಷವಿಡೀ ಬರುತ್ತದೆ, ಬಿಸಿಲು ಮಾತ್ರ ನಿಲ್ಲುವುದಿಲ್ಲ.

ಹಾಗಾಗಿ ಅಂಕೆ ನೋಡಿ ದುಡ್ಡು ಸುರಿಯುವುದನ್ನು ಬಿಟ್ಟೆ. ಎಸ್‌ಪಿಎಫ್ 30 ಅಂದರೆ ಚರ್ಮ ಸುಡುವ ಯುವಿಬಿ ಕಿರಣದಲ್ಲಿ ಮೂವತ್ತರಲ್ಲೊಂದು ಪಾಲು ಒಳಗೆ ಬಿಡುತ್ತದೆ, ನೂರಕ್ಕೆ 97 ತಡೆಯುತ್ತದೆ. 50 ಆದರೆ 98. ಇಷ್ಟೇ ಅಂತರ, ಅದೂ ಪೂರಾ ಹಚ್ಚಿದರೆ. 50 ತಂದು ಬಟಾಣಿಯಷ್ಟು ಹಚ್ಚುವುದಕ್ಕಿಂತ 30 ತಂದು ಕೈತುಂಬ ಹಚ್ಚುವುದು ಮೇಲು. ಚರ್ಮ ಕಪ್ಪಾಗಿಸುವ, ಕಿಟಕಿ ಗಾಜನ್ನೂ ದಾಟಿ ಬರುವ ಯುವಿಎ ಬಗ್ಗೆ ಆ ಅಂಕೆ ಹೆಚ್ಚೇನೂ ಹೇಳುವುದಿಲ್ಲ. ಅದಕ್ಕೆ ಟ್ಯೂಬಿನ ಮೇಲೆ ಪಿಎ ಅಂತ ಬರೆದದ್ದರ ಪಕ್ಕದಲ್ಲಿರುವ ಪ್ಲಸ್ ಎಣಿಸಬೇಕು. ಮೂರು ನಾಲ್ಕು ಇದ್ದರೆ ಒಳ್ಳೆಯದು.

ನನ್ನ ಮೊದಲ ಟ್ಯೂಬ್ ಬೆವರಿನ ಜೊತೆ ಕಣ್ಣಿಗಿಳಿದು, ರೋವರಿನ ಪರದೆ ಕಾಣದಷ್ಟು ಉರಿಸಿತು. ಎರಡನೆಯದು ಝಿಂಕ್ ಆಕ್ಸೈಡ್ ಇದ್ದದ್ದು. ಕಣ್ಣು ಉರಿಯಲಿಲ್ಲ, ಆದರೆ ಮುಖ ಬೂದಿ ಬೂದಿ. ಬಾಂದುಕಲ್ಲಿನ ಜಗಳ ಬಿಡಿಸಲು ಹೋದರೆ ಹೊಲದ ಯಜಮಾನ, "ಏನ್ರೀ ಸಾಹೇಬ್ರ, ಈಬತ್ತಿ ಮಾರಿ ತುಂಬಾ ಬಡ್ಕೊಂಡೀರಲ್ಲ" ಅಂದ. ಅಲ್ಲಿಯವರೆಗೆ ಕಚ್ಚಾಡುತ್ತಿದ್ದ ಅಣ್ಣ ತಮ್ಮ ಇಬ್ಬರೂ ಕೂಡಿ ನಕ್ಕರು. ಆ ಲೆಕ್ಕಕ್ಕೆ ಟ್ಯೂಬಿನ ದುಡ್ಡು ವಸೂಲಾಯಿತು. ಈಗ ಹಚ್ಚುತ್ತಿರುವುದು ಗೋಧಿ ಬಣ್ಣದ್ದು, ಐರನ್ ಆಕ್ಸೈಡ್ ಬೆರೆಸಿದ್ದು. ಬೂದಿ ಕಾಣುವುದಿಲ್ಲ ಅನ್ನುವುದಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ನಮ್ಮಂಥವರ ಬಂಗನ್ನು ಕೆದಕುತ್ತದಂತೆ, ಅದನ್ನೂ ಸ್ವಲ್ಪ ತಡೆಯುವುದು ಈ ಬಣ್ಣವೇ. ಗಂಡಸರು ಬಣ್ಣ ಹಚ್ಚುವುದೇ ಅನ್ನುವ ನಾಚಿಕೆ ಒಂದು ವಾರ ಇತ್ತು.

ಬಾಟಲಿಯ ಮೇಲೆ ಬರೆಯದ ಕೆಲವು ಸಂಗತಿಗಳೂ ಇವೆ. ಎರೆಮಣ್ಣಿನ ಧೂಳು ಕೂತ ಮುಖಕ್ಕೆ ಮತ್ತೆ ಹಚ್ಚಿದರೆ ಗೋಡೆಗೆ ಮೆತ್ತಿದ ಹಾಗಾಗುತ್ತದೆ. ಮೊದಲು ನೀರು ಚಿಮುಕಿಸಿ ಟವೆಲಿನಿಂದ ಒತ್ತಿ ಒರೆಸಬೇಕು. ಬೈಕಿನ ಡಿಕ್ಕಿಯಲ್ಲಿಟ್ಟ ಟ್ಯೂಬ್ ಮೇ ತಿಂಗಳಲ್ಲಿ ಒಡೆದ ಹಾಲಿನಂತೆ ನೀರು ಬೇರೆ, ಗಸಿ ಬೇರೆ ಆಗಿತ್ತು, ಎಸೆದೆ. ಈಗ ಒದ್ದೆ ಬಟ್ಟೆ ಸುತ್ತಿದ ನೀರಿನ ಬಾಟಲಿಯ ಜೊತೆ ಅದಕ್ಕೂ ಜಾಗ.

ಎರಡು ಸಾವಿರ ಹೇಗೆ ಇಳಿಸಿದೆ ಅಂದರೆ, ವಿಸ್ತೀರ್ಣ ಇಳಿಸಿದೆ. ತುಂಬುತೋಳಿನ ದಪ್ಪ ಅರಿವೆಯ ಅಂಗಿ, ಸುತ್ತಲೂ ಅಂಚಿರುವ ಟೊಪ್ಪಿಗೆ, ಕಿವಿ ಕುತ್ತಿಗೆ ಮುಚ್ಚುವ ಟವೆಲು. ಉಳಿದದ್ದು ಮುಖ ಮತ್ತು ಮುಂಗೈ. ಜೊತೆಗೆ ನನ್ನ ನೆರಳು ನನಗಿಂತ ಗಿಡ್ಡವಾದ ಹೊತ್ತಿಗೆ ಕೆಲಸ ನಿಲ್ಲಿಸಿ, ಅದು ಮತ್ತೆ ಉದ್ದವಾದ ಮೇಲೆ ಶುರು ಮಾಡುತ್ತೇನೆ, ಅಳತೆಗೆ ಕರೆದ ಪಾರ್ಟಿಗಳು ಬಿಟ್ಟರೆ. ಹೆಚ್ಚಿನ ಸಲ ಬಿಡುವುದಿಲ್ಲ. ಬಂಗು ಪೂರ್ತಿ ಹೋಗಿಲ್ಲ, ತಿಳಿಯಾಗಿದೆ. ಒಂದು ಬೇಸಿಗೆ ಉದಾಸೀನ ಮಾಡಿದ್ದಕ್ಕೆ ಮೊದಲಿನ ಹದ್ದಿಗೇ ವಾಪಸು ಬಂದು ನಿಂತಿತ್ತು.

ರೋವರ್ ಕೋಲು ಹಿಡಿಯುವ ಹುಡುಗ ಮೊನ್ನೆ ಟ್ಯೂಬ್ ನೋಡಿ ಕೇಳಿದ: "ಇದ ಹಚ್ಚಿದ್ರ ಬೆಳ್ಳಗ ಆಗ್ತಾರೇನ್ರಿ ಸರ?"

"ಇಲ್ಲೋ."

"ಮತ್ಯಾಕ ಹಚ್ಚತೀರಿ?"

ಎರಡು ಬೆರಳು ಚಾಚು ಅಂದೆ. ಟ್ಯೂಬ್ ಹಿಂಡಿದರೆ ಬರೀ ಗಾಳಿ. ಚೀಲದಲ್ಲಿದ್ದ ಕತ್ತರಿಯಿಂದ ನಡುವಿಗೆ ಸೀಳಿದೆ. ಒಳಗೆ ಅಂಟಿಕೊಂಡದ್ದೇ ಇಬ್ಬರಿಗೂ ಆ ಮಧ್ಯಾಹ್ನಕ್ಕೆ ಸಾಕಾಯಿತು.