ಹಗೇವಿಗೆ ಬಿದ್ದ ಅತ್ತೆ

"ಅತ್ತೇ, ಹಗೇವು ಅಂದ್ರೆ ಎಂತ?"

ಕೇಳಿದ್ದು ಅಣ್ಣನ ಮಗಳು. ಎಂಟನೇ ಕ್ಲಾಸು. ಜೂನ್ ತಿಂಗಳ ಮಳೆ, ರೆಡ್ ಅಲರ್ಟ್ ಅಂತ ಶಾಲೆಗೆ ಕಲೆಕ್ಟರ್ ರಜೆ. ಬೆಳಗ್ಗೆ ಹೋದ ಕರೆಂಟು ಬಂದಿರಲಿಲ್ಲ. ಎರಡು ದಿನಕ್ಕೆಂದು ಕಾಸರಗೋಡಿನ ಬದಿಯಡ್ಕದ ಹತ್ತಿರದ ತವರಿಗೆ ಬಂದಿದ್ದ ನಾನು, ಸತ್ತುಬಿದ್ದ ಮೊಬೈಲನ್ನು ಪಕ್ಕಕ್ಕಿಟ್ಟು ಜಗಲಿಯಲ್ಲಿ ಮಳೆ ನೋಡುತ್ತಾ ಕೂತಿದ್ದೆ. ಕನ್ನಡ ಎಂ.ಎ. ಮಾಡಿದವಳನ್ನು ಯಾರಾದರೂ ಒಂದು ಶಬ್ದದ ಅರ್ಥ ಕೇಳಿದರೆ ಆಗುವ ಖುಷಿಯೇ ಬೇರೆ. ಒಂದು ಕ್ಷಣವೂ ಯೋಚಿಸಲಿಲ್ಲ.

"ಹಗೆ ಅಂದ್ರೆ ವೈರ. ಹಗೆತನ ಅಂತ ಕೇಳಿಲ್ವಾ? ಅದೇ. ಯಾವ ವಾಕ್ಯ, ಓದು ನೋಡುವ."

"ಹುಡುಗ ಯಾರಿಗೂ ಹೇಳದೆ ಹಗೇವಿಗೆ ಇಳಿದ."

"ಆಯ್ತಲ್ಲ. ಜಗಳಕ್ಕೆ ಇಳಿದ ಅಂತ. ಬರ್ಕೋ."

ಬರೆದುಕೊಂಡಳು. ಪೆನ್ನಿನಲ್ಲಿ.

ಈ ಮಾತೆಲ್ಲ ನಡೆದದ್ದು ಹವ್ಯಕದಲ್ಲಿ. ಎಲ್ಲರಿಗೂ ಅರ್ಥವಾಗಲಿ ಅಂತ ಇಲ್ಲಿ ತಿರುಗಿಸಿ ಬರೆದಿದ್ದೇನೆ. ನಮ್ಮ ಕಡೆ ಹಾಗೆಯೇ. ಮನೆಯೊಳಗೆ ಹವ್ಯಕ, ತೋಟಕ್ಕೆ ಇಳಿದರೆ ತುಳು, ಬಸ್ಸು ಹತ್ತಿದರೆ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇದರಲ್ಲಿ ಮಲಯಾಳದ ಪಾಲು ಜಾಸ್ತಿ ಆಯಿತು, ಅಷ್ಟೆ. ಇಷ್ಟು ಭಾಷೆಗಳ ನಡುವೆ ಬೆಳೆದವರಿಗೆ ಒಂದು ಜಂಬ ಇರುತ್ತದೆ. ಎಂಥ ಶಬ್ದ ಬಂದರೂ ನಾಲ್ಕರಲ್ಲಿ ಒಂದು ಕಡೆಯಿಂದ ಎಳೆದು ಅರ್ಥ ಹೊಂದಿಸಬಹುದು ಅಂತ. ಹಾಗೆ ಎಳೆದು ಸಿಕ್ಕಿಬಿದ್ದದ್ದೂ ಉಂಟು. ಹವ್ಯಕದಲ್ಲಿ ಕೂಸು ಅಂದರೆ ಹುಡುಗಿ, ಎಷ್ಟು ದೊಡ್ಡವಳಾದರೂ. ಮೈಸೂರಿನ ಗೆಳತಿಗೆ ನಾನು ಒಮ್ಮೆ "ಪಕ್ಕದ ಮನೆ ಕೂಸಿಗೆ ಮದುವೆ" ಅಂತ ಕಾಗದ ಬರೆದಿದ್ದೆ. ಬಾಲ್ಯವಿವಾಹ ಅಂತ ಗಾಬರಿ ಆಗಿದ್ದಳು ಅವಳು.

ನಮ್ಮ ಕೂಸು ಓದುತ್ತಿದ್ದದ್ದು ಶಾಲೆಯ ಕೆಲಸಕ್ಕಾಗಿ. ಕೇರಳದಲ್ಲಿ ಊರೂರಿಗೆ ಗ್ರಂಥಾಲಯ ಆಗುವುದಕ್ಕೆ ಓಡಾಡಿದ ಪಿ.ಎನ್. ಪಣಿಕ್ಕರ್ 1995ರ ಜೂನ್ 19ರಂದು ತೀರಿಕೊಂಡರು. ಮರುವರ್ಷದಿಂದ ಆ ದಿನ ಇಲ್ಲಿ ಓದುವ ದಿನ, ಅದರ ಹಿಂದೆಯೇ ಓದುವ ವಾರ. ಒಂದು ಪುಸ್ತಕ ಓದಬೇಕು, ಟಿಪ್ಪಣಿ ಬರೆಯಬೇಕು, ಕೊನೆಗೆ ಹತ್ತು ಹೊಸ ಶಬ್ದ, ಅರ್ಥ ಸಮೇತ. ಪ್ರತಿ ಶಾಲೆಯಲ್ಲೂ ಗಲಾಟೆಯೋ ಗಲಾಟೆ.

ಪುಸ್ತಕ ಹುಡುಕುವುದೇ ಕಷ್ಟ ಆಯಿತಂತೆ. ಹದಿಮೂರು ವರ್ಷದವಳಿಗೆ ಮೊಲ, ಸಿಂಹದ ಕಥೆ ಕೊಟ್ಟರೆ ಮುಖ ಓರೆ ಮಾಡುತ್ತಾಳೆ. ನನ್ನ ಕಪಾಟಿನ ಕಾದಂಬರಿ ಕೊಟ್ಟರೆ ಹತ್ತು ಪುಟಕ್ಕೆ ನಿದ್ದೆ. ನಡುವಿನ ವಯಸ್ಸಿನವರು ಓದುವ ಕಾದಂಬರಿ ಕನ್ನಡದಲ್ಲಿ ಇಲ್ಲವೇ ಇಲ್ಲ ಅಂತಲ್ಲ, ಕೈಗೆ ಸಿಗುವುದು ಕಡಿಮೆ. ಕೊನೆಗೆ ಊರಿನ ಲೈಬ್ರರಿಯಲ್ಲಿ ಇದು ಸಿಕ್ಕಿತು. ರಕ್ಷಾಪುಟ ಇಲ್ಲ, ಮೊದಲ ಕೆಲವು ಹಾಳೆಯೂ ಇಲ್ಲ, ಬರೆದವರು ಯಾರೋ ಗೊತ್ತಿಲ್ಲ. ವಿಜಯಪುರ ಕಡೆಯ ಹಳ್ಳಿಯ ಹದಿನಾಲ್ಕು ವರ್ಷದ ಹುಡುಗ, ಸಾಲ ಮಾಡಿ ಊರು ಬಿಟ್ಟುಹೋದ ಅಪ್ಪ, ಕೌದಿ ಹೊಲಿಯುವ ಅಜ್ಜಿ. ಕೂಸು ಮೂರು ದಿನದಿಂದ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲವಂತೆ.

ಗೊತ್ತಿಲ್ಲದ ಶಬ್ದದ ಕೆಳಗೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು ಮುಂದೆ ಹೋಗುವುದು ಅವಳ ಕ್ರಮ. ಲೈಬ್ರರಿ ಪುಸ್ತಕಕ್ಕೆ ಚುಕ್ಕೆ ಇಡಬಾರದು ಅಂತ ಹೇಳಲು ಹೊರಟವಳು ಪುಟ ತಿರುವಿ ಸುಮ್ಮನಾದೆ. ಹತ್ತಲ್ಲ, ನೂರು ದಾಟಿತ್ತು. ಅದಕ್ಕಿಂತ ಮುಜುಗರದ ಸಂಗತಿ, ಅರ್ಧಕ್ಕರ್ಧ ನನಗೂ ಗೊತ್ತಿರಲಿಲ್ಲ. ಪುಟದ ಕೆಳಗೆ ಅರ್ಥ ಕೊಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಕೆಲವು ಅವಳೇ ಊಹಿಸಿದ್ದಳು. 'ಎರೆ ಹೊಲ' ಅಂದರೆ ಎರೆಹುಳ ತುಂಬಿದ ಹೊಲ. ಗೊಬ್ಬರಕ್ಕೆ ಒಳ್ಳೆಯದಲ್ವಾ, ಅದಕ್ಕೆ ಅಷ್ಟು ಬೆಳೆ ಅಂತ ವಿವರಣೆ ಬೇರೆ. ಕಪ್ಪು ಮಣ್ಣಿಗೆ ಎರೆಮಣ್ಣು ಅನ್ನುತ್ತಾರೆ, ಬೇಸಿಗೆಯಲ್ಲಿ ಅದು ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ ಅಂತ ನಾನು ಹೇಳಿದರೆ ನಂಬಲಿಲ್ಲ. ಅವಳು ಹುಟ್ಟಿದಾಗಿನಿಂದ ನೋಡಿದ್ದು ಬರೀ ಕೆಂಪು ಮಣ್ಣು, ಮುರಕಲ್ಲು ಅನ್ನುವ ಕೆಂಪು ಕಲ್ಲು. 'ಸೀತನಿ' ಅಂದಾಗ ಸೀತೆಗೆ ಸಂಬಂಧಪಟ್ಟ ಯಾವುದೋ ವ್ರತ ಅಂದುಕೊಂಡಿದ್ದಳು. ನನಗೆ ಅದು ಗೊತ್ತಿತ್ತು. ಧಾರವಾಡದ ಗೆಳತಿಯ ಮನೆಯಲ್ಲಿ ತಿಂದಿದ್ದೆ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿ ಇರುವಾಗಲೇ ಬಾಯಿಗೆ ಹಾಕುವುದು. ಸಿಹಿ ತೆನೆ, ಸೀತೆನೆ, ಸೀತನಿ. ತಿಂದ ಶಬ್ದ ಮರೆಯುವುದಿಲ್ಲ.

ಕೌದಿಗೆ ನಾನು ಬೇಕಾಗಲೇ ಇಲ್ಲ, ಕಾದಂಬರಿಯೇ ಹೇಳಿಕೊಟ್ಟಿತ್ತು. ಹಳೇ ಸೀರೆ, ಅಂಗಿಯ ತುಂಡು ಪದರ ಪದರವಾಗಿ ಇಟ್ಟು ಅಜ್ಜಿ ಹೊಲಿಯುತ್ತಾಳೆ, ಊರು ಬಿಟ್ಟ ಮಗನ ಅಂಗಿ ಮಾತ್ರ ಹರಿಯಲು ಕೊಡುವುದಿಲ್ಲ. ಅಷ್ಟು ಓದಿದ ಮೇಲೆ ಯಾರಿಗೆ ನಿಘಂಟು ಬೇಕು? ಹಲಸಿನ ಹಪ್ಪಳ ಕಾಯಿಸಿ ತಂದ ಅತ್ತಿಗೆ, ತಟ್ಟೆ ಇಟ್ಟವಳು ಅಲ್ಲೇ ನಿಂತಳು. "ಇಂಥದ್ದು ನಮ್ಮಲ್ಲೂ ಇತ್ತು. ಅಜ್ಜಿ ಹಳೇ ಸೀರೆ ಹೊಲಿದು ಬಾಳಂತಿಕೋಣೆಗೆ ಹಾಸುತ್ತಿದ್ದರು. ಎಂತ ಹೇಳ್ತಿದ್ರು ಅದಕ್ಕೆ?" ನಾವು ಮೂವರೂ ಹಪ್ಪಳ, ಕಾಯಿಹೋಳು ಜಗಿಯುತ್ತಾ ಯೋಚಿಸಿದೆವು. ಯಾರಿಗೂ ನೆನಪಾಗಲಿಲ್ಲ.

'ಮೇಟಿ' ಬಂದಾಗ ಮಾತ್ರ ನನಗೆ ನಾಚಿಕೆಯಾಯಿತು. ಮೇಟಿ ವಿದ್ಯೆಯೇ ಮೇಲು ಅಂತ ಐದನೇ ಕ್ಲಾಸಿನಿಂದ ಪ್ರಬಂಧ ಬರೆದವಳು ನಾನು. ಮೇಟಿ ವಿದ್ಯೆ ಅಂದರೆ ಬೇಸಾಯ, ಸರಿ. ಮೇಟಿ ಅಂದರೆ? ಒಂದು ದಿನವೂ ಕೇಳಿಕೊಂಡಿರಲಿಲ್ಲ. ಈ ಹುಡುಗನ ಊರಿನಲ್ಲಿ ಸಗಣಿ ಸಾರಿಸಿದ ಕಣದ ನಡುವೆ ಒಂದು ಕಂಬ ನೆಡುತ್ತಾರೆ. ಅದಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆಯ ಮೇಲೆ ಸುತ್ತು ಹೊಡೆಸುತ್ತಾರೆ. ಅದು ಹಂತಿ. ರಾತ್ರಿಯಿಡೀ ಹಂತಿಯ ಹಾಡು. ನಡುವಿನ ಆ ಕಂಬವೇ ಮೇಟಿ.

"ಕಣ ಅಂದ್ರೆ ನಮ್ಮ ಜಾಲು, ಅಲ್ವಾ ಅತ್ತೆ?" ಅಂದಳು ಕೂಸು. ಮನೆಯೆದುರಿನ ಅಂಗಳಕ್ಕೆ ನಮ್ಮಲ್ಲಿ ಜಾಲು ಅನ್ನುವುದು. ಗದ್ದೆ ಇದ್ದ ಕಾಲದಲ್ಲಿ ಭತ್ತ ಬಡಿಯುತ್ತಿದ್ದದ್ದೂ ಅಲ್ಲೇ. ಮರುಕ್ಷಣ ಅವಳೇ, "ಹಾಂ, ಮಲಯಾಳದಲ್ಲಿ ಕಳಂ ಅಂತ ಉಂಟಲ್ಲ!" ಅಂದಳು. ಕಳ, ಕಣ, ಕಳಂ. ಅವಳ ಮಲಯಾಳ ಟೀಚರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮಧ್ಯಾಹ್ನ ಊಟವಾಗಿ ನಾನು ಸ್ವಲ್ಪ ಅಡ್ಡಾಗಿದ್ದೆ. ಬಾಗಿಲಲ್ಲಿ ನಿಂತು ಕೇಳಿದಳು:

"ಅತ್ತೇ, ಜಗಳಕ್ಕೆ ಇಳಿದವನನ್ನು ಹಗ್ಗ ಕಟ್ಟಿ ಮೇಲೆ ಎಳೀತಾರಾ?"

ಎದ್ದು ಕೂತೆ. ಪುಸ್ತಕ ಕೈಗೆ ತೆಗೆದುಕೊಂಡು ನಾನೇ ಓದಿದೆ. ಹುಡುಗ ಹಗೇವಿಗೆ ಇಳಿದಿದ್ದಾನೆ. ಅಜ್ಜಿ ಬಂದು ನೋಡಿ ಕಿರುಚುತ್ತಾಳೆ. ಓಡಿ ಬಂದವರಲ್ಲಿ ಒಬ್ಬ ಹಿಂದೆಮುಂದೆ ನೋಡದೆ ಇಳಿಯಲು ಹೊರಟರೆ ಇನ್ನೊಬ್ಬ ಅವನ ರಟ್ಟೆ ಹಿಡಿದು ನಿಲ್ಲಿಸುತ್ತಾನೆ. ಮೊದಲು ಕಂದೀಲು ಇಳಿಸುತ್ತಾರೆ. ಕಂದೀಲು ಆರಿಹೋಗುತ್ತದೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

ಬಾವಿ ಇರಬೇಕು ಅಂದೆ. ಆದರೆ ನೀರಿನ ಮಾತೇ ಇಲ್ಲ. ಅವನು ಇಳಿದದ್ದು ಜೋಳ ತರಲಿಕ್ಕೆ, ಕದ್ದು ಮಾರಲಿಕ್ಕೆ. ಬಾವಿಯೊಳಗೆ ಜೋಳ ಯಾಕೆ? ನಾನು ಹಗೆ, ಬಗೆ, ಅಗೆ ಅಂತ ತಡಕಾಡಿದೆ. ತುಳುವಿನಲ್ಲಿ ಹುಡುಕಿದೆ, ಮಲಯಾಳದಲ್ಲಿ ಹುಡುಕಿದೆ. ನಾಲ್ಕು ಭಾಷೆಯೂ ಕೈಕೊಟ್ಟವು.

ಅಪ್ಪ ಈಸಿಚೇರಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಎಂಬತ್ತೊಂದು ವರ್ಷ. ನಿದ್ದೆ ಅಂದುಕೊಂಡಿದ್ದೆವು.

"ದೀಪ ನಂದಿತ್ತೋ?" ಅಂದರು.

"ಹೌದು ಅಜ್ಜ."

"ಹಾಗಾದರೆ ಅದು ನಮ್ಮ ಸುರಂಗದ ಹಾಗೆ ಎಂತದೋ. ಒಳಗೆ ಗಾಳಿ ಇಲ್ಲ. ನೀರಿಲ್ಲದಿದ್ದರೆ ಧಾನ್ಯ ತುಂಬಿಸುವ ಗುಂಡಿ ಇರಬೇಕು."

ಜೋಳದ ಹೊಲವನ್ನು ಜೀವಮಾನದಲ್ಲಿ ನೋಡದ ಮನುಷ್ಯ. ಧಾರವಾಡದ ಕಡೆ ಕಾಲಿಟ್ಟವರಲ್ಲ. ನನ್ನ ಹಾಗೆ ಅವರು ಶಬ್ದವನ್ನು ಒಡೆದು ನೋಡಲೇ ಇಲ್ಲ. ದೀಪ ನೋಡಿದರು.

ಸುರಂಗ ಅಂದರೆ ರೈಲು ಹೋಗುವ ಸುರಂಗ ಅಲ್ಲ. ಗುಡ್ಡೆಯ ಬದಿಯಿಂದ ಅಡ್ಡಕ್ಕೆ ಮುರಕಲ್ಲು ಕೊರೆದುಕೊಂಡು ಹೋಗುವುದು, ಒರತೆ ಸಿಗುವ ತನಕ. ಒಬ್ಬ ಮನುಷ್ಯ ನುಸುಳಿ ಕೆಲಸ ಮಾಡುವಷ್ಟೇ ಅಗಲ. ಸಿಕ್ಕಿದ ನೀರು ಪಂಪಿಲ್ಲದೆ ತಾನೇ ಹರಿದು ಹೊರಗೆ ಬರುತ್ತದೆ. ಕಾಸರಗೋಡಿನಲ್ಲೂ ಗಡಿಯಾಚೆ ದಕ್ಷಿಣ ಕನ್ನಡದ ಕಡೆಯೂ ಎಷ್ಟೋ ಅಡಿಕೆ ತೋಟ ಉಳಿದದ್ದು ಇದರಿಂದ. ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಮ್ಮ ಸುರಂಗ ಕೊರೆಯುವಾಗ ಅಪ್ಪನಿಗೆ ಹತ್ತೊಂಬತ್ತು. ಒಳಗೆ ಮಣ್ಣು ತುಂಬಿದ ಬುಟ್ಟಿಯನ್ನು ಹೊರಗೆ ಎಳೆದು ಹಾಕುವುದು ಅವರ ಕೆಲಸ. ಕೊರೆಯುವವರು ಪಕ್ಕದಲ್ಲಿ ದೀಪ ಇಟ್ಟುಕೊಳ್ಳುತ್ತಿದ್ದರಂತೆ. ಬೆಳಕಿಗೆ ಮಾತ್ರ ಅಲ್ಲ. ಜ್ವಾಲೆ ಸಣ್ಣದಾದರೆ ಕೆಲಸ ಬಿಟ್ಟು ಹೊರಗೆ ಬರಬೇಕು. ಒಮ್ಮೆ ಇಪ್ಪತ್ತು ಕೋಲು ದಾಟಿದ ಮೇಲೆ ದೀಪ ಎರಡು ಸಲ ನಂದಿತು. ಮತ್ತೆ ಮೇಲಿಂದ ಗಾಳಿಗೆ ಒಂದು ತೂತು ಇಳಿಸಿದ ಮೇಲೆಯೇ ಮುಂದಿನ ಕೆಲಸ. ಈ ಕಥೆಯನ್ನು ನಾನೂ ಮೊದಲ ಸಲ ಕೇಳುತ್ತಿದ್ದೆ. ಅಷ್ಟು ವರ್ಷ ಆ ಸುರಂಗದ ನೀರು ಕುಡಿದಿದ್ದೇನೆ, ಕೇಳಿರಲಿಲ್ಲ.

ಕೂಸಿಗೆ ಇನ್ನೂ ಸಮಾಧಾನ ಇಲ್ಲ. ಅಟ್ಟದಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಇಳಿಸಿದೆವು. ಬೆನ್ನು ಬಿಟ್ಟುಹೋಗಿ, ಗೆದ್ದಲು ಒಂದು ಮೂಲೆ ರುಚಿ ನೋಡಿತ್ತು. ಟಾರ್ಚು ಹಿಡಿದು ಹುಡುಕಿದರೆ, ಹಗೆ ಅಂದರೆ ವೈರ, ನಾನು ಹೇಳಿದ ಹಾಗೆಯೇ. ನಾನು ಸ್ವಲ್ಪ ಉಬ್ಬಿದೆ. ಆದರೆ ಕೆಳಗೆ ಇನ್ನೊಂದು ಹಗೆ. ಅದು ಧಾನ್ಯ ತುಂಬಿಡುವ ನೆಲಗುಂಡಿ. ಹಗೇವು ಅಂದರೂ ಅದೇ.

ಸಂಜೆ ಕರೆಂಟು ಬಂದ ಮೇಲೆ ಧಾರವಾಡದ ಗೆಳತಿಗೆ ಫೋನ್ ಮಾಡಿದೆ. ಅವಳ ಅಜ್ಜನ ಮನೆಯಲ್ಲಿ ಎರಡು ಇದ್ದವಂತೆ. ಬಾಯಿ ಸಣ್ಣದು, ಒಳಗೆ ಅಗಲ. ಬುಡಕ್ಕೂ ಗೋಡೆಗೂ ಹುಲ್ಲು ಕಟ್ಟಿ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ತುಂಬಿಟ್ಟ ಕಾಳೂ ಉಸಿರಾಡುತ್ತದೆ, ಒಳಗಿನ ಒಳ್ಳೆ ಗಾಳಿ ತಿಂದು ಕೆಟ್ಟ ಗಾಳಿ ಬಿಡುತ್ತದೆ. ಅದಕ್ಕೇ ಬಾಯಿ ತೆಗೆದ ತಕ್ಷಣ ಯಾರೂ ಇಳಿಯಬಾರದು. "ನಮ್ಮವ್ವ ಹಗೇವು ತೆಗೆದ ದಿನ ನಮ್ಮನ್ನ ಅಂಗಳಕ್ಕೂ ಬಿಡ್ತಿರಲಿಲ್ಲ" ಅಂದಳು. ಆಮೇಲೆ, "ನಿಮ್ಮ ಸುರಂಗ ಅಂದ್ರೇನು, ಹೇಳು" ಅಂದಳು. ಅರ್ಧ ಗಂಟೆ ಹೋಯಿತು.

ಕಾದಂಬರಿಯ ಹುಡುಗ ಬದುಕಿದ. ಅದನ್ನು ಕೂಸು ರಾತ್ರಿ ಹನ್ನೊಂದಕ್ಕೆ ನನ್ನನ್ನು ಎಬ್ಬಿಸಿ ಹೇಳಿದಳು.

ಮುಂದಿನ ತಿಂಗಳು ಹೋದಾಗ ಟಿಪ್ಪಣಿ ಪುಸ್ತಕ ತೋರಿಸಿದಳು. ಹತ್ತು ಶಬ್ದ, ನೀಟಾಗಿ. ಐದನೆಯದು ಹಗೇವು. ಪೆನ್ನಿನಲ್ಲಿ ಬರೆದದ್ದು ಅಲ್ವಾ, ಅಳಿಸಲಿಕ್ಕೆ ಆಗಿರಲಿಲ್ಲ. 'ಜಗಳ' ಅನ್ನುವುದರ ಮೇಲೆ ಒಂದು ಗೆರೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಅತ್ತೆ ಹೇಳಿದ್ದು'. ಅದರ ಕೆಳಗೆ: 'ಜೋಳದ ಸುರಂಗ. ನಮ್ಮದು ಅಡ್ಡಕ್ಕೆ, ಅವರದ್ದು ಕೆಳಕ್ಕೆ. ಅಜ್ಜ ಹೇಳಿದ್ದು.'

ಟೀಚರು ಕೆಂಪು ಶಾಯಿಯಲ್ಲಿ ಎರಡಕ್ಕೂ ರೈಟ್ ಹಾಕಿದ್ದರು.