ಎಂಜಿನಿಯರಿಂಗ್‌ಗೆ ಮುನ್ನ: ಈಗಲೇ ಕಲಿಯಬೇಕಾದದ್ದು, ಆಮೇಲೆ ಕಲಿಯಬಹುದಾದದ್ದು

ಕಳೆದ ತಿಂಗಳು ಅಣ್ಣನ ಮಗಳು ಒಂದು ಹಾಳೆಯನ್ನು ತಂದು ನನ್ನ ಮುಂದಿಟ್ಟಳು. ಶಾಲೆಯ ಕೊನೆಯ ಎರಡು ವರ್ಷಗಳಿಗೆ ಆರಿಸಿಕೊಳ್ಳಬಹುದಾದ ವಿಷಯಗಳ ಪಟ್ಟಿ ಅದು. ಕೆಲವಕ್ಕೆ ಅವಳು ಆಗಲೇ ಗುರುತು ಹಾಕಿದ್ದಳು, ಕೆಲವಕ್ಕೆ ಗುರುತು ಹಾಕಿ ಅಳಿಸಿದ್ದಳು. "ಅತ್ತೆ, ಎಂಜಿನಿಯರಿಂಗ್ ಓದುವುದಂತೂ ಖಚಿತ. ಯಾವ ಶಾಖೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಹಾಗಿರುವಾಗ ಇದರಲ್ಲಿ ಏನನ್ನು ತೆಗೆದುಕೊಳ್ಳಲಿ?" ಎಂದು ಕೇಳಿದಳು. ಕಟ್ಟಡಗಳ ವಿನ್ಯಾಸದಲ್ಲಿ ಹಲವು ವರ್ಷ ದುಡಿದು, ಈಗ ಎಂಜಿನಿಯರಿಂಗ್‌ನ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ನಮ್ಮ ಮನೆಯ ಮಗುವೇ ಕೇಳಿದಾಗ, ಬೇರೆಯವರಿಗೆ ಇದುವರೆಗೆ ಹೇಳುತ್ತಾ ಬಂದ ಉತ್ತರ ನಿಜಕ್ಕೂ ಸರಿಯೇ ಎಂದು ಮತ್ತೊಮ್ಮೆ ಯೋಚಿಸಬೇಕೆನಿಸಿತು. ಅಂದು ಅವಳಿಗೆ ಹೇಳಿದ್ದನ್ನೂ, ಆಮೇಲೆ ನಾನೇ ತಿದ್ದಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆದಿಡುತ್ತಿದ್ದೇನೆ.

ಸಾಮಾನ್ಯವಾಗಿ ಮಕ್ಕಳು ಯಾವುದರಲ್ಲಿ ಅಂಕ ಸುಲಭವಾಗಿ ಬರುತ್ತದೆ, ಗೆಳೆಯರು ಯಾವುದನ್ನು ಆರಿಸಿದ್ದಾರೆ, ಈಗ ಯಾವುದಕ್ಕೆ ಬೇಡಿಕೆ ಇದೆ ಎಂಬ ಮೂರು ಲೆಕ್ಕಾಚಾರಗಳ ಮೇಲೆ ವಿಷಯಗಳನ್ನು ಆರಿಸಿಕೊಳ್ಳುತ್ತಾರೆ. ನಾನು ಬೇರೊಂದು ಅಳತೆಗೋಲನ್ನು ಮುಂದಿಡುತ್ತೇನೆ. ಪಟ್ಟಿಯಲ್ಲಿರುವ ಪ್ರತಿಯೊಂದು ವಿಷಯದ ಎದುರಿಗೂ ಇಷ್ಟೇ ಕೇಳಿಕೊಳ್ಳಬೇಕು: ಇದನ್ನು ಈಗ ಬಿಟ್ಟರೆ ಪದವಿಗೆ ಸೇರಿದ ಮೇಲೆ ತುಂಬಿಕೊಳ್ಳಲು ಸಾಧ್ಯವೇ? ಪದವಿಯಲ್ಲಿ ಕೆಲವು ವಿಷಯಗಳನ್ನು ಅಕ್ಷರಾಭ್ಯಾಸದಂತೆ ಮೊದಲಿನಿಂದ ಕಲಿಸುತ್ತಾರೆ. ಇನ್ನು ಕೆಲವನ್ನು ವಿದ್ಯಾರ್ಥಿ ಕಲಿತೇ ಬಂದಿದ್ದಾನೆಂದು ಭಾವಿಸಿ, ಮೊದಲ ದಿನದಿಂದಲೇ ಅವುಗಳ ಮೇಲೆ ಮುಂದಿನದನ್ನು ಕಟ್ಟುತ್ತಾ ಹೋಗುತ್ತಾರೆ. ಈ ಎರಡರ ನಡುವಿನ ಅಂತರ ಶಾಲೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ಅಲ್ಲಿ ಎಲ್ಲ ವಿಷಯಗಳೂ ಒಂದೇ ಗಾತ್ರದ ಅಕ್ಷರಗಳಲ್ಲಿ, ಒಂದರ ಕೆಳಗೊಂದು ನಿಂತಿರುತ್ತವೆ.

ಆಮೇಲೆ ತುಂಬಿಕೊಳ್ಳಲಾಗದ ವಿಷಯಗಳಲ್ಲಿ ಮೊದಲನೆಯದು ಗಣಿತ. ಇದು ಎಲ್ಲರಿಗೂ ಗೊತ್ತಿರುವ ಮಾತೇ ಆದರೂ, ಅದರ ಕಾರಣವನ್ನು ಬಹಳ ಮಂದಿ ತಪ್ಪಾಗಿ ತಿಳಿದಿದ್ದಾರೆ. ಸೂತ್ರಗಳು ನೆನಪಿರಬೇಕೆಂಬುದು ಕಾರಣವಲ್ಲ, ಸೂತ್ರವನ್ನು ಪುಸ್ತಕದಲ್ಲಿ ನೋಡಿಕೊಳ್ಳಬಹುದು. ಕೈಗೆ ಅಭ್ಯಾಸವಾಗಲು ವರ್ಷಗಳು ಬೇಕಾಗುತ್ತವೆ ಎಂಬುದೇ ನಿಜವಾದ ಕಾರಣ. ಎಂಜಿನಿಯರಿಂಗ್ ಮೆಕ್ಯಾನಿಕ್ಸ್‌ನ ಮೊದಲ ವಾರದಲ್ಲೇ ಒಂದು ಓರೆಯಾದ ಬಲವನ್ನು ಅಡ್ಡ ಮತ್ತು ಲಂಬ ಭಾಗಗಳಾಗಿ ಒಡೆಯಬೇಕಾಗುತ್ತದೆ. ಸೈನ್ ಯಾವ ಕಡೆ, ಕೊಸೈನ್ ಯಾವ ಕಡೆ ಎಂದು ಯೋಚಿಸುತ್ತಾ ಕೂರುವ ವಿದ್ಯಾರ್ಥಿ, ಪಾಠ ಹೇಳುವವರು ಸೇತುವೆಯ ಲೆಕ್ಕದಲ್ಲಿ ಮೂರನೆಯ ಜೋಡಣೆಗೆ ಹೋಗಿರುವಾಗ ಮೊದಲನೆಯದರಲ್ಲೇ ಉಳಿದಿರುತ್ತಾನೆ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಶಾಲೆಯ ಕೊನೆಯ ವರ್ಷದಲ್ಲಿ ಸದಿಶಗಳ, ಅಂದರೆ ಬಲದಂತೆ ದಿಕ್ಕೂ ಇರುವ ರಾಶಿಗಳ, ಅಧ್ಯಾಯಕ್ಕೆ ಪರೀಕ್ಷೆಯಲ್ಲಿ ಅಂಕಗಳು ಕಡಿಮೆ ಎಂದು ಅದನ್ನು ಮೇಲುಮೇಲೆ ಓದಿ ಬಿಟ್ಟಿದ್ದೆ. ಪದವಿಯ ಮೊದಲ ಮೂರು ತಿಂಗಳು ನನಗೆ ತರಗತಿಯಲ್ಲಿ ಅರ್ಥವಾದದ್ದಕ್ಕಿಂತ ರಾತ್ರಿ ಶಾಲೆಯ ಹಳೆಯ ಪುಸ್ತಕ ತೆರೆದು ಅರ್ಥಮಾಡಿಕೊಂಡದ್ದೇ ಹೆಚ್ಚು. ಆ ಮೂರು ತಿಂಗಳಲ್ಲಿ ನಡೆದ ಬೇರೆ ಪಾಠಗಳು ನನ್ನ ಪಾಲಿಗೆ ಇಲ್ಲದಂತೆಯೇ ಕಳೆದುಹೋದವು.

ಗಣಿತದೊಳಗೂ ಕಲನಶಾಸ್ತ್ರಕ್ಕೆ (ಕ್ಯಾಲ್ಕುಲಸ್) ವಿಶೇಷ ಸ್ಥಾನವಿದೆ. ಒಂದು ತುದಿಯನ್ನು ಗೋಡೆಯಲ್ಲಿ ಭದ್ರವಾಗಿ ಹುಗಿದು, ಇನ್ನೊಂದು ತುದಿಗೆ ಭಾರ ತೂಗಿಬಿಟ್ಟ ತೊಲೆಯೊಂದನ್ನು ನೆನೆದುಕೊಳ್ಳಿ. ಅದರ ಉದ್ದವನ್ನು 2 ಪಟ್ಟು ಮಾಡಿದರೆ ತುದಿ ಕೆಳಗೆ ಬಾಗುವುದು 2 ಪಟ್ಟಲ್ಲ, 8 ಪಟ್ಟು. ತೊಲೆ ಆಯತಾಕಾರದ್ದಾಗಿದ್ದು ಅದರ ಎತ್ತರವನ್ನು ಇಮ್ಮಡಿ ಮಾಡಿದರೆ, ಬಾಗು 8ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉದ್ದದಿಂದ ಬರುವ ಎಂಟು ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಇರುವುದು ಅನುಕಲನದಲ್ಲಿ (ಇಂಟಿಗ್ರೇಷನ್): ತೊಲೆಯ ಪ್ರತಿ ಬಿಂದುವಿನ ವಕ್ರತೆಯನ್ನು ಒಮ್ಮೆ ಅನುಕಲಿಸಿದರೆ ಅದರ ಇಳಿಜಾರು ಸಿಗುತ್ತದೆ, ಮತ್ತೊಮ್ಮೆ ಅನುಕಲಿಸಿದರೆ ಬಾಗು ಸಿಗುತ್ತದೆ, ಹಾಗೆ ಎರಡು ಬಾರಿ ದಾಟಿ ಬರುವಾಗ ಉದ್ದವು ಘನವಾಗಿ ಬೆಳೆದಿರುತ್ತದೆ. ಸೂತ್ರವನ್ನಷ್ಟೇ ಬಾಯಿಪಾಠ ಮಾಡಿದವನು ಲೆಕ್ಕ ಬಿಡಿಸಬಲ್ಲನು. ಆದರೆ ಬಾಲ್ಕನಿಯನ್ನು ಇನ್ನೊಂದಿಷ್ಟು ಮುಂದಕ್ಕೆ ಚಾಚಿ ಎಂದು ಕೇಳುವವರಿಗೆ, ಲೆಕ್ಕ ಮಾಡುವುದಕ್ಕೂ ಮೊದಲೇ, ಅದು ಸಣ್ಣ ಬದಲಾವಣೆಯಲ್ಲ ಎಂದು ಹೇಳಬಲ್ಲವನು ಆ ಘನ ಎಲ್ಲಿಂದ ಬಂತೆಂದು ತಿಳಿದವನೇ.

ಶಾಲೆಯಲ್ಲಿ ನಿಷ್ಪ್ರಯೋಜಕವೆಂದು ತೋರುವ ಅಧ್ಯಾಯಗಳೂ ಹೀಗೆಯೇ. ಋಣ ಒಂದರ ವರ್ಗಮೂಲವನ್ನು ಇಟ್ಟುಕೊಂಡು ಮಾಡುವುದೇನು ಎಂದು ಅಣ್ಣನ ಮಗಳೂ ಕೇಳಿದಳು. ಎಲೆಕ್ಟ್ರಿಕಲ್ ಎಂಜಿನಿಯರ್ ಚಾರ್ಲ್ಸ್ ಸ್ಟೈನ್‌ಮೆಟ್ಜ್ 1893ರಲ್ಲಿ ಪರ್ಯಾಯ ವಿದ್ಯುತ್ತಿನ (ಎಸಿ) ಲೆಕ್ಕಗಳಿಗೆ, ಆ ವರ್ಗಮೂಲವನ್ನು ಒಳಗೊಂಡ ಸಂಮಿಶ್ರ ಸಂಖ್ಯೆಗಳನ್ನು ಬಳಸುವ ಕ್ರಮವನ್ನು ಮಂಡಿಸಿದ ಮೇಲೆ, ಅದುವರೆಗೆ ಪುಟಗಟ್ಟಲೆ ಅವಕಲ ಸಮೀಕರಣಗಳನ್ನು ಬೇಡುತ್ತಿದ್ದ ಮಂಡಲಗಳು ಸಾಧಾರಣ ಬೀಜಗಣಿತಕ್ಕೆ ಒಗ್ಗಿದವು. ಇಂದಿಗೂ ಎಲೆಕ್ಟ್ರಿಕಲ್ ವಿಭಾಗದ ವಿದ್ಯಾರ್ಥಿ ಆ ಸಂಖ್ಯೆಗಳಿಲ್ಲದೆ ಒಂದು ದಿನವನ್ನೂ ಕಳೆಯಲಾರ. ಗಣಿತದಲ್ಲಿ ಆ ವರ್ಗಮೂಲವನ್ನು ಸೂಚಿಸುವ ಐ ಎಂಬ ಅಕ್ಷರ ಅವನಿಗೆ ವಿದ್ಯುತ್ ಪ್ರವಾಹಕ್ಕೆ ಮೀಸಲಾಗಿರುವುದರಿಂದ ಅವನು ಅಲ್ಲಿ ಜೆ ಎಂದು ಬರೆಯುತ್ತಾನೆ, ಅಷ್ಟೇ ವ್ಯತ್ಯಾಸ.

ಕೆಲವು ಪಠ್ಯಕ್ರಮಗಳಲ್ಲಿ ಗಣಿತವೇ ಎರಡು ಬಗೆಯಾಗಿ ದೊರೆಯುತ್ತದೆ. ಒಂದು ದಿನಬಳಕೆಯ ಲೆಕ್ಕ ಮತ್ತು ಸಂಖ್ಯಾಶಾಸ್ತ್ರಕ್ಕೆ ಒತ್ತು ಕೊಡುವ ಹಗುರವಾದದ್ದು, ಇನ್ನೊಂದು ಕಲನಶಾಸ್ತ್ರವನ್ನು ಆಳವಾಗಿ ಕಲಿಸುವಂಥದ್ದು. ಹಗುರವಾದುದರಲ್ಲಿ ಅಂಕ ಹೆಚ್ಚು ಬರುತ್ತದೆಂದು ಅದನ್ನು ಆರಿಸಿಕೊಂಡು, ನಂತರ ಪ್ರವೇಶದ ಬಾಗಿಲಲ್ಲೇ ನಿಲ್ಲಬೇಕಾದ ಮಕ್ಕಳನ್ನು ನಾನು ನೋಡಿದ್ದೇನೆ. ಇಲ್ಲಿ ಮಾತ್ರ ನಾನು ಯಾವ ರಾಜಿಗೂ ಒಪ್ಪುವುದಿಲ್ಲ: ಎಂಜಿನಿಯರಿಂಗ್ ಮನಸ್ಸಿನಲ್ಲಿದ್ದರೆ ಎರಡನೆಯದನ್ನೇ ತೆಗೆದುಕೊಳ್ಳಬೇಕು, ಅಂಕ ಸ್ವಲ್ಪ ಕಡಿಮೆಯಾದರೂ ಸರಿ.

ಗಣಿತದ ನಂತರದ ಸ್ಥಾನ ಭೌತಶಾಸ್ತ್ರದ್ದು. ಒಂದು ವಸ್ತುವನ್ನು ಸುತ್ತಲಿನ ಎಲ್ಲದರಿಂದ ಬಿಡಿಸಿ, ಅದರ ಮೇಲೆ ಯಾವ ಯಾವ ಬಲಗಳು ಯಾವ ದಿಕ್ಕಿನಲ್ಲಿವೆ ಎಂದು ಬಾಣಗಳಲ್ಲಿ ಗುರುತಿಸುವ ಚಿತ್ರವನ್ನು ಶಾಲೆಯಲ್ಲೇ ಕಲಿಸುತ್ತಾರೆ. ಅದರ ಬೆಲೆ ಏನೆಂದು ನಾನು ಪ್ರತಿ ವರ್ಷ ಒಂದೇ ಉದಾಹರಣೆಯಿಂದ ಹೇಳುತ್ತೇನೆ. 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹೋಟೆಲೊಂದರಲ್ಲಿ ಒಳಾಂಗಣದ ಮೇಲೆ ತೂಗುಹಾಕಿದ್ದ ಎರಡು ಕಾಲುದಾರಿಗಳು ಕುಸಿದು 114 ಜನ ಸತ್ತರು. ಛಾವಣಿಯಿಂದ ಇಳಿಬಿಟ್ಟ ಒಂದೇ ಉದ್ದನೆಯ ಸರಳು ಮೇಲಿನ ದಾರಿಯನ್ನೂ ಕೆಳಗಿನ ದಾರಿಯನ್ನೂ ಹೊರಬೇಕೆಂಬುದು ಮೂಲ ವಿನ್ಯಾಸವಾಗಿತ್ತು. ಕಟ್ಟುವಾಗ ಅನುಕೂಲವಾಗಲೆಂದು ಆ ಸರಳನ್ನು ಎರಡು ತುಂಡು ಮಾಡಿ, ಕೆಳಗಿನ ದಾರಿಯನ್ನು ಮೇಲಿನ ದಾರಿಯ ತೊಲೆಗೇ ತೂಗುಹಾಕಲಾಯಿತು. ಒಂದೇ ಹಗ್ಗವನ್ನು ಇಬ್ಬರು ಹಿಡಿದು ನೇತಾಡುವುದಕ್ಕೂ, ಮೇಲಿನವನೊಬ್ಬ ಹಗ್ಗ ಹಿಡಿದಿರುವಾಗ ಇನ್ನೊಬ್ಬ ಅವನ ಕಾಲು ಹಿಡಿದು ನೇತಾಡುವುದಕ್ಕೂ ಇರುವ ವ್ಯತ್ಯಾಸವೇ ಇದು: ಹಗ್ಗಕ್ಕೆ ಭಾರ ಅಷ್ಟೇ, ಮೇಲಿನವನ ಕೈಗೆ ಮಾತ್ರ ಎರಡರಷ್ಟು. ಮೂಲ ವಿನ್ಯಾಸದಲ್ಲೇ ಆ ಜೋಡಣೆಯ ಬಲ ಸಾಲದಾಗಿತ್ತು. ಬದಲಾವಣೆ ಅದರ ಮೇಲಿನ ಹೊರೆಯನ್ನು ಇಮ್ಮಡಿ ಮಾಡಿತು. ಇದನ್ನು ಕಂಡುಹಿಡಿಯಲು ಬೇಕಾಗಿದ್ದ ಭೌತಶಾಸ್ತ್ರ ಶಾಲೆಯ ಪುಸ್ತಕದಲ್ಲಿ ಇರುವಷ್ಟೇ. ಆ ಚಿತ್ರ ಬಿಡಿಸುವುದನ್ನು ನಾನು ಕಲಿಸುವಾಗ, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಮಾನಗಳ ಬಗ್ಗೆ ಎಚ್ಚರವನ್ನು ರೂಢಿಸುವುದೂ ಭೌತಶಾಸ್ತ್ರವೇ. 1999ರಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳನ ಬಳಿ ತಲುಪಿಯೂ ನಾಶವಾದದ್ದು, ನೆಲದ ಮೇಲಿನ ಒಂದು ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಲೆಕ್ಕವೆಂದು ಓದಿಕೊಂಡದ್ದರಿಂದ.

ಇನ್ನು ರಸಾಯನಶಾಸ್ತ್ರ. ನಾನು ನನ್ನ ಅಭಿಪ್ರಾಯವನ್ನು ಬದಲಿಸಿಕೊಂಡದ್ದು ಇಲ್ಲಿಯೇ. ಕೆಮಿಕಲ್ ಶಾಖೆಗೆ ಹೋಗದವರು ಇದನ್ನು ಬಿಡಬಹುದು ಎಂದು ಬಹಳ ಕಾಲ ಹೇಳುತ್ತಿದ್ದೆ. ಆದರೆ ನನ್ನದೇ ಕೆಲಸವನ್ನು ಹಿಂತಿರುಗಿ ನೋಡಿದರೆ, ನಾನು ವರ್ಷಗಟ್ಟಲೆ ವ್ಯವಹರಿಸಿದ ಕಾಂಕ್ರೀಟು ಮೊದಲಿನಿಂದ ಕೊನೆಯವರೆಗೆ ರಸಾಯನಶಾಸ್ತ್ರವೇ. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಂದಿಗೆ ವರ್ತಿಸಿ ಗಟ್ಟಿಯಾಗುತ್ತದೆ. ಅದಕ್ಕಾಗಿಯೇ ಹೊಸ ಕಾಂಕ್ರೀಟಿಗೆ ದಿನಗಟ್ಟಲೆ ನೀರುಣಿಸುತ್ತಾರೆ. ಅದರೊಳಗಿನ ಕ್ಷಾರೀಯತೆ, ಸುಮಾರು 12.5ಕ್ಕಿಂತ ಹೆಚ್ಚಿನ ಪಿಎಚ್, ಕಬ್ಬಿಣದ ಮೇಲೆ ತೆಳುವಾದ ರಕ್ಷಾಪದರವೊಂದನ್ನು ಕಾಪಾಡುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ನಿಧಾನವಾಗಿ ಒಳಹೊಕ್ಕು ಆ ಕ್ಷಾರವನ್ನು ತಗ್ಗಿಸಿದಾಗ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕಾದುದರಿಂದ ಕಾಂಕ್ರೀಟು ಸೀಳುತ್ತದೆ. ಬ್ಯಾಟರಿಯನ್ನು ವಿನ್ಯಾಸಗೊಳಿಸುವವರಿಗೂ, ಸಿಲಿಕಾನ್‌ಗೆ ರಂಜಕ ಅಥವಾ ಬೋರಾನ್ ಬೆರೆಸಿ ಅರೆವಾಹಕಗಳನ್ನು ತಯಾರಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಗಣಿತದಷ್ಟು ಕಠಿಣವಾಗಿ ಇದನ್ನು ಈಗಲೇ ಕಲಿಯಬೇಕೆಂದು ನಾನು ಹಟ ಹಿಡಿಯಲಾರೆ. ಆದರೆ ಶಾಖೆ ಯಾವುದೆಂದು ಇನ್ನೂ ನಿರ್ಧರಿಸದ ಮಗುವಿಗೆ ರಸಾಯನಶಾಸ್ತ್ರವಿದ್ದರೆ ಹೆಚ್ಚು ಬಾಗಿಲುಗಳು ತೆರೆದಿರುತ್ತವೆ. ಪ್ರವೇಶಕ್ಕೆ ಗಣಿತ ಮತ್ತು ಭೌತಶಾಸ್ತ್ರಗಳಷ್ಟೇ ಸಾಕೆನ್ನುವ ವಿಶ್ವವಿದ್ಯಾಲಯಗಳಿರುವಂತೆ, ರಸಾಯನಶಾಸ್ತ್ರವೂ ಕಡ್ಡಾಯ ಎನ್ನುವವೂ ಇವೆ. ಸೇರಬೇಕೆಂದಿರುವ ಸಂಸ್ಥೆಗಳ ಪ್ರವೇಶ ನಿಯಮಗಳನ್ನು ವಿಷಯ ಆರಿಸುವ ಮೊದಲೇ, ಮೂಲ ಪ್ರಕಟಣೆಯಲ್ಲಿಯೇ, ಓದಿಕೊಳ್ಳಬೇಕು. ಯಾರೋ ಹೇಳಿದರೆಂದು ನಂಬಬಾರದು.

ಕಂಪ್ಯೂಟರ್ ವಿಜ್ಞಾನದ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಶಾಲೆಯಲ್ಲಿ ಅದನ್ನು ಕಲಿಯುವುದು ಒಳ್ಳೆಯದೇ, ಆದರೆ ಅದಕ್ಕಾಗಿ ಭೌತಶಾಸ್ತ್ರವನ್ನಾಗಲಿ ಆಳವಾದ ಗಣಿತವನ್ನಾಗಲಿ ಬಿಟ್ಟುಕೊಡುವುದು ತಪ್ಪು. ಪ್ರೋಗ್ರಾಮಿಂಗ್ ಅನ್ನು ಪದವಿಯ ಮೊದಲ ವರ್ಷದಲ್ಲಿ ಸಾಮಾನ್ಯವಾಗಿ ಸೊನ್ನೆಯಿಂದಲೇ ಕಲಿಸುತ್ತಾರೆ, ಮನೆಯಲ್ಲಿ ಕುಳಿತು ಕಲಿಯಲೂ ಸಾಧ್ಯವಿದೆ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ, ಮೇಲೇರಿದ ಒಂದು ನಿಮಿಷದೊಳಗೆ ನಾಶವಾಯಿತು. 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಜಾಗಕ್ಕೆ ತುಂಬಲು ಹೋದದ್ದು ಅದಕ್ಕೆ ಕಾರಣ. ಆ ತಂತ್ರಾಂಶ ಹಿಂದಿನ ಏರಿಯಾನ್ 4ರಲ್ಲಿ ಸರಿಯಾಗಿಯೇ ಕೆಲಸ ಮಾಡಿತ್ತು. ಹೊಸ ರಾಕೆಟ್ಟಿನ ಅಡ್ಡ ವೇಗ ಹಳೆಯದಕ್ಕಿಂತ ಬಹಳ ಹೆಚ್ಚಾಗಿದ್ದುದರಿಂದ ಅಂಕಿ ಆ ಜಾಗದಲ್ಲಿ ಹಿಡಿಸಲಿಲ್ಲ. ಪ್ರೋಗ್ರಾಂ ಬರೆಯಬಲ್ಲವರು ಅಲ್ಲಿ ಇರಲಿಲ್ಲವೆಂದಲ್ಲ. ಆ ಸಂಖ್ಯೆಯ ಹಿಂದಿರುವ ಚಲನೆ ಎಂಥದ್ದು, ಅದು ಎಷ್ಟರವರೆಗೆ ಬೆಳೆಯಬಹುದು ಎಂದು ಕೇಳಿಕೊಳ್ಳುವುದು ಭೌತಶಾಸ್ತ್ರ ಕೊಡುವ ಅಭ್ಯಾಸ.

ಜೀವಶಾಸ್ತ್ರ ಬಯೋಮೆಡಿಕಲ್, ಜೈವಿಕ ತಂತ್ರಜ್ಞಾನ, ಪರಿಸರ ಎಂಜಿನಿಯರಿಂಗ್ ಕಡೆಗೆ ಒಲವಿರುವವರಿಗೆ ಉಪಯುಕ್ತ. ಉಳಿದವರಿಗೆ ಅದು ಆಸಕ್ತಿಯ ಮಾತು.

ಭಾಷೆಯ ವಿಷಯ ಹಾಗಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಭಾಷೆಯ ತರಗತಿಯನ್ನು ವಿಶ್ರಾಂತಿಯ ವೇಳೆ ಎಂದುಕೊಂಡಿರುವುದನ್ನು ನೋಡಿದಾಗ ನನಗೆ ಕಳವಳವಾಗುತ್ತದೆ. ಎಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಮಾನ್ಯ ಮಾಡಲು 1989ರಲ್ಲಿ ಆರಂಭವಾದ ವಾಷಿಂಗ್ಟನ್ ಒಪ್ಪಂದದ ಚೌಕಟ್ಟಿನಲ್ಲಿ, ಪದವೀಧರರಿಗೆ ಇರಬೇಕಾದ ಗುಣಗಳ ಸಾಲಿನಲ್ಲಿ ಸ್ಪಷ್ಟ ಸಂವಹನವೂ ಸೇರಿದೆ. ನಾನು ವಿನ್ಯಾಸ ಮಾಡುತ್ತಿದ್ದ ಕಾಲದಲ್ಲಿ ಒಮ್ಮೆ ನನ್ನ ಟಿಪ್ಪಣಿಯ ಒಂದು ವಾಕ್ಯಕ್ಕೆ ಎರಡು ಅರ್ಥ ಬಂದು, ಕೆಲಸದವರು ಕಂಬಿಗಳನ್ನು ಚಪ್ಪಡಿಯ ಮೇಲ್ಭಾಗಕ್ಕೆ ಬದಲು ಕೆಳಭಾಗದಲ್ಲಿ ಕಟ್ಟಿದ್ದರು. ಕಾಂಕ್ರೀಟು ಸುರಿಯುವ ಮುನ್ನ ಕಣ್ಣಿಗೆ ಬಿದ್ದುದರಿಂದ ಅನಾಹುತ ತಪ್ಪಿತು. ಅಂದಿನಿಂದ ನಾನು ಬರೆದ ಪ್ರತಿ ವಾಕ್ಯವನ್ನೂ ಅದು ಇನ್ನೊಂದು ಅರ್ಥ ಕೊಡುತ್ತದೆಯೇ ಎಂದು ಓದಿ ನೋಡುತ್ತೇನೆ. ಆ ಓದು ಭಾಷೆಯ ತರಗತಿಯಲ್ಲಿ ಸಿಗಬೇಕಾದ ಶಿಕ್ಷಣ.

ಕೊನೆಗೆ ಪಟ್ಟಿಯ ತಳದಲ್ಲಿದ್ದ ತಾಂತ್ರಿಕ ಚಿತ್ರಕಲೆ. ಘನವಸ್ತುವೊಂದನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಸಮತಲದ ಮೇಲೆ ಬಿಡಿಸುವ ಶಾಸ್ತ್ರವನ್ನು 18ನೆಯ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಗ್ಯಾಸ್ಪಾರ್ ಮೊಂಜ್ ಕ್ರಮಬದ್ಧಗೊಳಿಸಿದಾಗ, ಕೋಟೆಗಳ ವಿನ್ಯಾಸಕ್ಕೆ ಅದು ಎಷ್ಟು ಉಪಯುಕ್ತವಾಯಿತೆಂದರೆ ಅಲ್ಲಿನ ಸೇನೆ ಅದನ್ನು ಹಲವು ವರ್ಷ ಗುಟ್ಟಾಗಿಟ್ಟಿತ್ತು. ಇಂದು ಕಂಪ್ಯೂಟರ್ ಆ ಗೆರೆಗಳನ್ನು ಎಳೆದುಕೊಡುತ್ತದೆ, ಆದರೆ ಎಳೆದುಕೊಟ್ಟದ್ದು ತಪ್ಪಾಗಿದ್ದರೆ ಗುರುತಿಸುವ ಕಣ್ಣನ್ನು ಅದು ಕೊಡುವುದಿಲ್ಲ. ಶಾಲೆಯ ವೇಳಾಪಟ್ಟಿಯಲ್ಲಿ ಇದಕ್ಕೆ ಜಾಗ ಸಿಗದಿದ್ದರೆ ಮನೆಯಲ್ಲೇ ಅಭ್ಯಾಸ ಮಾಡಬಹುದಾದ್ದರಿಂದ, ಇದನ್ನು ಪರೀಕ್ಷೆಯ ವಿಷಯವಾಗಿ ತೆಗೆದುಕೊಳ್ಳಲೇಬೇಕೆಂದು ನಾನು ಅವಳಿಗೆ ಹೇಳಲಿಲ್ಲ.

ಅವಳು ಕಲನಶಾಸ್ತ್ರವಿರುವ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಭಾಷೆಗೆ ಗುರುತು ಹಾಕಿದಳು. ಐದನೆಯ ವಿಷಯವಾಗಿ ಕಂಪ್ಯೂಟರ್ ವಿಜ್ಞಾನವೋ ಜೀವಶಾಸ್ತ್ರವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ, ಅದಕ್ಕೆ ಇನ್ನೂ ಎರಡು ವಾರ ಸಮಯವಿದೆ. ಈ ನಡುವೆ ಅಡುಗೆಮನೆಯ ನಲ್ಲಿಯೊಂದನ್ನು ಮೂರು ಕಡೆಯಿಂದ ಬಿಡಿಸಿ ನನಗೆ ಕಳುಹಿಸಿದ್ದಾಳೆ. ಮೇಲಿನಿಂದ ನೋಡಿದ ಚಿತ್ರದಲ್ಲಿ ಹಿಡಿಕೆಯ ಒಂದು ಅಂಚು, ಕಾಣುವಂತಿರಬೇಕಾದದ್ದು, ಮರೆಯಲ್ಲಿರುವುದನ್ನು ಸೂಚಿಸುವ ತುಂಡು ಗೆರೆಯಾಗಿದೆ. ತಿದ್ದದೆ, ಮತ್ತೊಮ್ಮೆ ನಲ್ಲಿಯನ್ನು ಮೇಲಿನಿಂದ ನೋಡಿ ಬಾ ಎಂದಷ್ಟೇ ಬರೆದು ಕಳುಹಿಸಿದ್ದೇನೆ.